ತೋಟದ ರೈಟರ್‌ ಮಗಳ ಪ್ರಶ್ನೆ: ಬರವಣಿಗೆಯನ್ನೇ ವೃತ್ತಿಯಾಗಿ ನಂಬಬಹುದೇ?

ಸುಂಟಿಕೊಪ್ಪದ ಕಥೆಗಾರ್ತಿ

ಎಲ್ಲರಿಗೂ ನಮಸ್ಕಾರ. ನಮ್ಮ ಕೊಡಗಿನಲ್ಲಿ ‘ರೈಟರ್‌’ ಎಂದರೆ ಕಥೆ ಬರೆಯುವವರೆಂದು ಯಾರೂ ತಿಳಿಯುವುದಿಲ್ಲ. ಕಾಫಿ ತೋಟದಲ್ಲಿ ಆಳುಗಳ ಹಾಜರಿ ಹಿಡಿದು, ಚೆಕ್‌ರೋಲ್‌ ಬರೆದು, ಬಟವಾಡೆಯ ದಿನ ಲೆಕ್ಕ ಒಪ್ಪಿಸುವವರೇ ರೈಟರ್‌. ನನ್ನ ತಂದೆ ಇಪ್ಪತ್ತೆಂಟು ವರ್ಷ ಆ ಕೆಲಸ ಮಾಡಿದವರು. ನಾನು ರೈಟರ್‌ ಆಗುತ್ತೇನೆಂದು ಮೊದಲ ಬಾರಿ ಹೇಳಿದಾಗ ನಮ್ಮ ಅಜ್ಜಿ, ‘ಯಾವ ಎಸ್ಟೇಟಿನಲ್ಲಿ?’ ಎಂದು ಕೇಳಿದ್ದರು.

ನನಗೀಗ 33 ವರ್ಷ. ಒಂದು ಖಾಸಗಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ವರ್ಷದಲ್ಲಿ ಎರಡು ಮೂರು ತಿಂಗಳು ಸಂಬಳವಿಲ್ಲ. ಒಂಬತ್ತು ವರ್ಷಗಳಲ್ಲಿ ನನ್ನ ಹದಿನಾಲ್ಕು ಕಥೆಗಳು ವಾರಪತ್ರಿಕೆಗಳಲ್ಲಿಯೂ ವಿಶೇಷಾಂಕಗಳಲ್ಲಿಯೂ ಅಚ್ಚಾಗಿವೆ. ಈಗ ಜಿಲ್ಲೆಯ ಹೊರಗಿನ ಪ್ರಕಾಶಕರೊಬ್ಬರು ಅವುಗಳನ್ನು ಸಂಕಲನವಾಗಿ ತರಲು ಮುಂದೆ ಬಂದು, ಒಂದೇ ಪುಟದ ಕರಾರು ಕಳಿಸಿದ್ದಾರೆ. 8,000 ರೂಪಾಯಿ ಮತ್ತು 25 ಗೌರವ ಪ್ರತಿಗಳನ್ನು ಪಡೆದು, ‘ಸದರಿ ಕೃತಿಯ ಸಕಲ ಹಕ್ಕುಗಳನ್ನು ಶಾಶ್ವತವಾಗಿ ಬಿಟ್ಟುಕೊಟ್ಟಿರುತ್ತೇನೆ’ ಎಂದು ನಾನು ಸಹಿ ಮಾಡಬೇಕು. ಪುಸ್ತಕ ಬರುತ್ತದೆಂಬ ಸಂತೋಷದಲ್ಲಿ ಪೆನ್ನು ಕೈಗೆತ್ತಿಕೊಂಡವಳು, ಆ ‘ಶಾಶ್ವತವಾಗಿ’ ಎಂಬ ಮಾತನ್ನು ಕಂಡು ಕೆಳಗಿಟ್ಟೆ.

ಸಹಿ ಮಾಡುವುದೋ ಬೇಡವೋ ಎಂಬುದು ಒಂದು ಪ್ರಶ್ನೆ. ಕಾಲೇಜು ಬಿಟ್ಟು ಪೂರ್ಣಾವಧಿ ಬರೆದರೆ ಬದುಕಲು ಸಾಧ್ಯವೇ ಎಂಬುದು ಇನ್ನೊಂದು. ಬರೆದೇ ಜೀವನ ಸಾಗಿಸುತ್ತಿರುವವರು ಇಲ್ಲಿದ್ದರೆ, ತಿಂಗಳು ತಿಂಗಳು ಹೇಗೆ ತಳ್ಳುತ್ತಾರೆಂದು ದಯವಿಟ್ಟು ಬಿಡಿಸಿ ಹೇಳಬೇಕು.

ಮಡಿಕೇರಿಯ ನಿವೃತ್ತ ಮೇಷ್ಟ್ರು

ಮಗಳೇ, ಎರಡನೆಯ ಪ್ರಶ್ನೆಗೆ ನಮ್ಮ ಜಿಲ್ಲೆಯ ಹಿರಿಯರ ಬದುಕೇ ಬಹುಮಟ್ಟಿಗೆ ಉತ್ತರ ಕೊಟ್ಟಿದೆ. ಕೊಡಗಿನ ಗೌರಮ್ಮನವರು ಕಥೆ ಬರೆದದ್ದು ನಿಮ್ಮ ಸುಂಟಿಕೊಪ್ಪದ ಕಡೆಯ ಗುಂಡುಗುಟ್ಟಿ ತೋಟದ ಮ್ಯಾನೇಜರರ ಪತ್ನಿಯಾಗಿ, ಮನೆವಾರ್ತೆಯ ನಡುವೆ. 1939ರಲ್ಲಿ, ಇಪ್ಪತ್ತೇಳು ತುಂಬುವ ಹೊತ್ತಿಗೆಲ್ಲ ಅವರು ತೀರಿಕೊಂಡಿದ್ದರು. ಕೊಡವರ ಹಾಡು, ಪದ್ಧತಿಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ ನಡಿಕೇರಿಯಂಡ ಚಿಣ್ಣಪ್ಪನವರು ಪೊಲೀಸ್‌ ಇಲಾಖೆಯಲ್ಲಿ ದುಡಿದವರು. ಪಂಜೆ ಮಂಗೇಶರಾಯರು ಮಡಿಕೇರಿಗೆ ಬಂದದ್ದು ಶಾಲೆಯ ಕೆಲಸಕ್ಕೆ. ಭಾರತೀಸುತರು ಅಧ್ಯಾಪಕರು, ಅವರ ಕಾದಂಬರಿಯೊಂದು 1973ರಲ್ಲಿ ಪುಟ್ಟಣ್ಣ ಕಣಗಾಲರ ಕೈಯಲ್ಲಿ ಸಿನಿಮಾ ಆಗಿ ನಾಡಿನ ಮನೆಮಾತಾಯಿತು, ಆದರೂ ಅವರ ಗುರುತು ಮೇಷ್ಟ್ರೆಂದೇ. 2014ರಲ್ಲಿ ನಮ್ಮಲ್ಲೇ ನಡೆದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ನಾ. ಡಿಸೋಜರು ಲೋಕೋಪಯೋಗಿ ಇಲಾಖೆಯ ನೌಕರಿಯಲ್ಲಿದ್ದುಕೊಂಡೇ ಶರಾವತಿಯಲ್ಲಿ ಮುಳುಗಿದ ಊರುಗಳ ಕಥೆ ಬರೆದರು.

ಬರೆದೇ ಬದುಕಿದವರು ಕನ್ನಡದಲ್ಲಿ ಇಲ್ಲವೆಂದಲ್ಲ. ಅನಕೃ ಅವರು ನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಅಷ್ಟು ಬರೆಯಬೇಕಾಗಿ ಬಂತು ಎಂದರೂ ತಪ್ಪಾಗದು. ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಆ ಗಂಟು ಹೊರುವ ಶಕ್ತಿ ನಿಮಗಿದ್ದರೆ ಕೆಲಸ ಬಿಡಿ. ಇಲ್ಲವಾದರೆ ಸಂಬಳವಿಲ್ಲದ ಆ ಎರಡು ಮೂರು ತಿಂಗಳನ್ನು ಮೊದಲು ಬರವಣಿಗೆಯಿಂದ ತುಂಬಿಸಿಕೊಳ್ಳುವ ದಾರಿ ನೋಡಿ.

ನಾಪೋಕ್ಲು ಬೆಳೆಗಾರ

ನನಗೆ ಸಾಹಿತ್ಯ ಗೊತ್ತಿಲ್ಲ, ವ್ಯವಹಾರ ಗೊತ್ತು. ಕರಿಮೆಣಸನ್ನು ಬಳ್ಳಿಯಲ್ಲಿರುವಾಗಲೇ ಒಂದು ಫಸಲಿಗೆಂದು ಗುತ್ತಿಗೆ ಕೊಡುತ್ತೇವೆ. ಗುತ್ತಿಗೆದಾರ ಕೊಯ್ದುಕೊಂಡು ಹೋದ ಮೇಲೆ ಬಳ್ಳಿ ನಮ್ಮದೇ, ಮರ ನಮ್ಮದೇ, ಜಾಗದ ಆರ್‌ಟಿಸಿಯೂ ನಮ್ಮ ಹೆಸರಿನಲ್ಲೇ ಇರುತ್ತದೆ. ನಿಮ್ಮ ಪ್ರಕಾಶಕರು 8,000 ರೂಪಾಯಿಗೆ ಕೇಳುತ್ತಿರುವುದು ಫಸಲನ್ನಲ್ಲ, ಕ್ರಯಪತ್ರವನ್ನು.

ಪೊನ್ನಂಪೇಟೆಯ ವಕೀಲ

ನಾಪೋಕ್ಲಿನ ಹಿರಿಯರು ಹೇಳಿದ್ದನ್ನೇ 1957ರ ಕೃತಿಸ್ವಾಮ್ಯ ಕಾಯಿದೆ ತನ್ನ ಭಾಷೆಯಲ್ಲಿ ಹೇಳುತ್ತದೆ. ನೀವು ಬರೆದ ಕಥೆಯ ಹಕ್ಕು, ಬರೆದ ಕ್ಷಣದಿಂದಲೇ ನಿಮ್ಮದು. ಅದಕ್ಕೆ ನೋಂದಣಿ ಕಡ್ಡಾಯವಲ್ಲ. ಆ ಹಕ್ಕು ನಿಮ್ಮ ಆಯುಷ್ಯವಿಡೀ ಇದ್ದು, ನಿಮ್ಮ ನಂತರವೂ 60 ವರ್ಷ ವಾರಸುದಾರರಿಗೆ ಸಲ್ಲುತ್ತದೆ, ಮತ್ತು ಆ 60 ವರ್ಷವನ್ನು ಎಣಿಸುವುದು ಲೇಖಕರು ತೀರಿಕೊಂಡ ವರ್ಷದ ಮರುವರ್ಷದಿಂದ. ಮೇಷ್ಟ್ರು ನೆನೆದ ಭಾರತೀಸುತರು ನಿಧನರಾದದ್ದು 1976ರಲ್ಲಿ. ಅವರ ಬರಹಗಳ ಹಕ್ಕು 2036ರ ಕೊನೆಯವರೆಗೆ ಊರ್ಜಿತ. ನೀವು ಈಗ 33ರವರು. ‘ಶಾಶ್ವತವಾಗಿ’ ಎಂದು ಸಹಿ ಮಾಡಿದರೆ ಎಷ್ಟು ವರ್ಷಗಳ ಫಸಲು ಕೈಬಿಟ್ಟುಹೋಗುತ್ತದೆಂದು ನೀವೇ ಎಣಿಸಿ ನೋಡಿ.

ಕಾಯಿದೆಯ 19ನೆಯ ಕಲಮನ್ನು ಪ್ರತಿಯೊಬ್ಬ ಲೇಖಕರೂ ಒಮ್ಮೆಯಾದರೂ ಓದಬೇಕು. ಹಕ್ಕಿನ ಹಸ್ತಾಂತರ ಬರಹದಲ್ಲಿಯೇ ಆಗಬೇಕು, ಅದಕ್ಕೆ ಸಹಿ ಇರಬೇಕು. ಯಾವ ಕೃತಿ, ಯಾವ ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ, ಎಷ್ಟು ರಾಯಧನ (ರಾಯಲ್ಟಿ) ಎಂಬುದೆಲ್ಲ ಅದರಲ್ಲಿ ನಮೂದಾಗಬೇಕು. ಅವಧಿಯನ್ನು ಬರೆಯದೆ ಬಿಟ್ಟಿದ್ದರೆ ಐದು ವರ್ಷವೆಂದೂ, ಪ್ರದೇಶವನ್ನು ಬರೆಯದಿದ್ದರೆ ಭಾರತವೆಂದೂ ಭಾವಿಸಲಾಗುತ್ತದೆ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಕರಾರಿನಲ್ಲಿ ಬೇರೆ ಮಾತಿಲ್ಲದ ಪಕ್ಷದಲ್ಲಿ, ಆ ಹಕ್ಕಿನ ಹಸ್ತಾಂತರ ಬಿದ್ದುಹೋಗುತ್ತದೆ. 2012ರ ತಿದ್ದುಪಡಿಯ ನಂತರ, ಕರಾರಿನ ಕಾಲಕ್ಕೆ ಹುಟ್ಟಿಯೇ ಇರದ ಮಾಧ್ಯಮಕ್ಕೆ ಹಕ್ಕು ಕೊಡಬೇಕಾದರೆ ಅದನ್ನು ಹೆಸರಿಸಿಯೇ ಬರೆಯಬೇಕು. ‘ಸಕಲ’ ಎಂಬ ಒಂದು ಪದದೊಳಗೆ ನಾಳೆ ಬರುವುದೆಲ್ಲವನ್ನೂ ತುಂಬಲಾಗದು. ಹೀಗೆ ಕಾಯಿದೆ ನಿಮ್ಮ ಪರವಾಗಿ ಸಾಕಷ್ಟು ಹೇಳಿದ್ದರೂ, ನೀವು ಸ್ಪಷ್ಟವಾಗಿ ಬರೆದುಕೊಟ್ಟದ್ದನ್ನು ಅದು ಅಳಿಸಿ ಕೊಡುವುದಿಲ್ಲ.

ಇನ್ನೊಂದು ಮಾತು. ಪತ್ರಿಕೆಯಲ್ಲಿ ಕಥೆ ಅಚ್ಚಾಗಿ ಗೌರವಧನ ಬಂತೆಂದ ಮಾತ್ರಕ್ಕೆ ಹಕ್ಕು ಪತ್ರಿಕೆಗೆ ಹೋಯಿತೆಂದು ಅನೇಕರು ತಿಳಿದಿದ್ದಾರೆ. ನೀವು ಅಲ್ಲಿಯ ನೌಕರರಲ್ಲ. ಬರಹದಲ್ಲಿ ಬಿಟ್ಟುಕೊಟ್ಟಿಲ್ಲದಿದ್ದರೆ ಆ ಹದಿನಾಲ್ಕು ಕಥೆಗಳೂ ನಿಮ್ಮವೇ. ಆದರೆ ಕಥಾಸ್ಪರ್ಧೆಗಳ ನಿಯಮಾವಳಿಯನ್ನು ಎಚ್ಚರದಿಂದ ನೋಡಿ. ಬಹುಮಾನದ ಮೊತ್ತ ದಪ್ಪಕ್ಷರದಲ್ಲಿರುತ್ತದೆ, ಹಕ್ಕಿನ ಮಾತು ಕೊನೆಯ ಸಾಲಿನಲ್ಲಿರುತ್ತದೆ.

ಕುಶಾಲನಗರದ ಸಣ್ಣ ಪ್ರಕಾಶಕ

ಇಲ್ಲಿ ಪ್ರಕಾಶಕರೆಲ್ಲ ತೋಟ ನುಂಗುವವರೆಂಬ ಭಾವನೆ ಬೆಳೆಯುವ ಮೊದಲು ನಮ್ಮ ಕಡೆಯ ಲೆಕ್ಕವನ್ನೂ ಮುಂದಿಡುತ್ತೇನೆ. 200 ರೂಪಾಯಿ ಮುಖಬೆಲೆಯ ಪುಸ್ತಕವನ್ನು 1,000 ಪ್ರತಿ ಮುದ್ರಿಸಿದೆವೆನ್ನಿ. ಅಂಗಡಿಯವರಿಗೆ ನಾನು ನೂರಕ್ಕೆ 30ರಿಂದ 40ರವರೆಗೆ ರಿಯಾಯಿತಿ ಬಿಡುತ್ತೇನೆ. ಕಾಗದ, ಮುದ್ರಣ, ಪುಟವಿನ್ಯಾಸ, ಕರಡು ತಿದ್ದಿದವರ ಸಂಭಾವನೆ, ಅಂಚೆ, ಗೋದಾಮಿಗೆ ತಗಲುವ ತೇವ (ಇದು ಕೊಡಗಿನ ವಿಶೇಷ ಖರ್ಚು, ಜುಲೈಯಲ್ಲಿ ಪುಸ್ತಕದ ಬೆನ್ನಿಗೆ ಬೂಷ್ಟು ಹಿಡಿದದ್ದನ್ನು ಕಂಡವರಿಗೆ ಗೊತ್ತು), ಇವೆಲ್ಲ ಕಳೆದು ಉಳಿಯುವುದರಲ್ಲಿ ಲೇಖಕರಿಗೆ ಮುಖಬೆಲೆಯ ನೂರಕ್ಕೆ 10ರಂತೆ, ಅಂದರೆ ಪ್ರತಿಯೊಂದಕ್ಕೆ 20 ರೂಪಾಯಿ ಕೊಡುತ್ತೇನೆ. ಸಾವಿರವೂ ಖಾಲಿಯಾದರೆ ಲೇಖಕರಿಗೆ 20,000 ರೂಪಾಯಿ. ಖಾಲಿಯಾಗಲು ಮೂರು ವರ್ಷ ಹಿಡಿದರೆ ತಿಂಗಳಿಗೆ ಸುಮಾರು 555 ರೂಪಾಯಿ ಬಿತ್ತು. ಅದರಲ್ಲಿ ಒಂದು ಗ್ಯಾಸ್‌ ಸಿಲಿಂಡರ್‌ ಸಹ ಬಾರದು. ಕಥಾಸಂಕಲನದ ರಾಯಧನದಿಂದ ಮನೆ ನಡೆಯುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಹಾಗಿದ್ದೂ, ನಿಮಗೆ ಬಂದಿರುವ ಕರಾರನ್ನು ಇದೇ ಅಳತೆಗೆ ಹಿಡಿದು ನೋಡಿ. 8,000 ರೂಪಾಯಿ ಎಂದರೆ 400 ಪ್ರತಿಗಳ ರಾಯಧನ. ಪುಸ್ತಕ 400 ದಾಟದಿದ್ದರೆ ನಷ್ಟ ಪ್ರಕಾಶಕರದು. ದಾಟಿದರೆ, ಮರುಮುದ್ರಣವಾದರೆ, ಪಠ್ಯವಾದರೆ, ಕಿರುಚಿತ್ರವಾದರೆ ನಿಮಗೆ ಬಿಡಿಗಾಸೂ ಇಲ್ಲ. ಮೊದಲ ಪುಸ್ತಕಕ್ಕೆ ಮುಂಗಡ ಹಣ ಕೊಡುವವರೇ ಅಪರೂಪವಾದ್ದರಿಂದ ಅವರನ್ನು ದೂರಬೇಡಿ. ಆ ಮೊತ್ತವನ್ನೇ ಮುಂಗಡ ರಾಯಧನವೆಂದು ತಿದ್ದಿ, ಮುದ್ರಿತ ಪುಸ್ತಕದ ಹಕ್ಕನ್ನು ಮಾತ್ರ ಐದು ವರ್ಷಕ್ಕೆ ಕೇಳಿಕೊಳ್ಳಿರೆಂದು ವಿನಯದಿಂದ ಪತ್ರ ಬರೆಯಿರಿ. ವ್ಯವಹಾರಸ್ಥರಾದರೆ ಮಾತಿಗೆ ಬರುತ್ತಾರೆ.

ಸ್ವಂತವಾಗಿ ಪ್ರಕಟಿಸುವ ಆಲೋಚನೆಯಿದ್ದರೆ, ಪುಸ್ತಕದ ಗುರುತಿಗೆ ಬೇಕಾದ ಐಎಸ್‌ಬಿಎನ್‌ ಸಂಖ್ಯೆಯನ್ನು ಕೇಂದ್ರ ಶಿಕ್ಷಣ ಸಚಿವಾಲಯದ ರಾಜಾ ರಾಮಮೋಹನ ರಾಯ್‌ ಸಂಸ್ಥೆ ಶುಲ್ಕವಿಲ್ಲದೆ ಕೊಡುತ್ತದೆ; ಅದಕ್ಕೆಂದು ಯಾರಿಗೂ ಸಾವಿರಗಟ್ಟಲೆ ತೆರಬೇಡಿ. ಪ್ರಕಾಶಕರಾದ ಮೇಲೆ 1954ರ ಕಾಯಿದೆಯಂತೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳಿಸುವ ಹೊಣೆಯೂ ನಿಮ್ಮದೇ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಅರ್ಜಿ ಹಾಕಬಹುದು, ಯುವ ಬರಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನವಿದೆ. ಇವು ಬಂದರೆ ಬಂತು. ಬಂದೇ ಬರುತ್ತದೆಂದು ನಂಬಿ ಸಾಲ ಮಾಡಿ ಮುದ್ರಿಸಬೇಡಿ.

ಹೆಸರು ಹೇಳಲಿಚ್ಛಿಸದ ಓದುಗ

ಕ್ರಯ, ಗುತ್ತಿಗೆ, ಫಸಲು, ಸಿಲಿಂಡರ್‌. ಸಾಹಿತ್ಯದ ಚರ್ಚೆಯೋ ಆರ್‌ಎಂಸಿ ಯಾರ್ಡಿನ ಹರಾಜೋ ತಿಳಿಯದಾಗಿದೆ. ದುಡ್ಡಿನ ಕಡೆ ಕಣ್ಣಿಟ್ಟು ಬರೆದದ್ದು ಉಳಿಯುವುದಿಲ್ಲ.

ಸುಂಟಿಕೊಪ್ಪದ ಕಥೆಗಾರ್ತಿ

ಸರ್‌, ನನ್ನ ಹದಿನಾಲ್ಕು ಕಥೆಗಳಲ್ಲಿ ಒಂದನ್ನೂ ದುಡ್ಡಿಗಾಗಿ ಬರೆದಿಲ್ಲ. ಬರೆದು ಮುಗಿದ ಮೇಲೆ ಅದರಿಂದ ಹುಟ್ಟುವ ದುಡ್ಡು ಯಾರಿಗೆ ಸೇರಬೇಕೆಂದು ಕೇಳುತ್ತಿದ್ದೇನೆ, ಅಷ್ಟೇ.

ವಿರಾಜಪೇಟೆಯ ಅನುವಾದಕಿ

ತಂಗೀ, ನಾನು ಹನ್ನೊಂದು ವರ್ಷಗಳಿಂದ ಬರೆದೇ ಬದುಕುತ್ತಿದ್ದೇನೆ, ಆದ್ದರಿಂದ ತಿಂಗಳು ತಿಂಗಳು ಹೇಗೆ ತಳ್ಳುತ್ತಾರೆಂಬ ನಿನ್ನ ಪ್ರಶ್ನೆಗೆ ಉತ್ತರಿಸುವ ಹಕ್ಕು ನನಗಿದೆಯೆಂದುಕೊಳ್ಳುತ್ತೇನೆ. ನನ್ನ ಹೆಸರಿನಲ್ಲಿ ಬಂದಿರುವ ಪುಸ್ತಕಗಳು ನಾಲ್ಕು. ಅವುಗಳಿಂದ ಬರುವ ಆದಾಯ ಕಾಫಿ ತೋಟದೊಳಗಿನ ಕಿತ್ತಳೆಯಂತೆ, ಕೆಲವು ವರ್ಷ ಇರುತ್ತದೆ, ಕೆಲವು ವರ್ಷ ಇರುವುದೇ ಇಲ್ಲ. ಮನೆ ನಡೆಯುವುದು ಅನುವಾದದಿಂದ: ಸರ್ಕಾರೇತರ ಸಂಸ್ಥೆಗಳ ಕೈಪಿಡಿ, ತರಬೇತಿಯ ಪುಸ್ತಕ, ಸಾಕ್ಷ್ಯಚಿತ್ರದ ಅಡಿಬರಹ, ವಸ್ತುಸಂಗ್ರಹಾಲಯದ ಫಲಕ. ಇವುಗಳಿಗೆ ಪದಲೆಕ್ಕದಲ್ಲಿ ಹಣ. ಇದರ ಜೊತೆಗೆ ಒಂದು ಅಂಕಣ, ಮಡಿಕೇರಿ ಆಕಾಶವಾಣಿಗೆ ಆಗೊಮ್ಮೆ ಈಗೊಮ್ಮೆ ಭಾಷಣ, ಇಬ್ಬರು ಹಿರಿಯರ ಆತ್ಮಕಥೆಗಳ ಕರಡು ತಿದ್ದುವ ಕೆಲಸ. ಹೋಂಸ್ಟೇಗಳಿಗೆ ಪರಿಚಯ ಬರೆದುಕೊಟ್ಟದ್ದೂ ಉಂಟು. ‘ಮಂಜು ಮುಸುಕಿದ ಬೆಟ್ಟಗಳ ಮಡಿಲಲ್ಲಿ’ ಎಂದು ಆರಂಭಿಸಬಾರದೆಂಬ ನನ್ನ ಹಠಕ್ಕೆ ಇಬ್ಬರು ಗಿರಾಕಿಗಳನ್ನು ಕಳೆದುಕೊಂಡಿದ್ದೇನೆ.

ನಮ್ಮ ಮಡಿಕೇರಿಯ ದೀಪಾ ಭಾಸ್ತಿಯವರು ಅನುವಾದಿಸಿದ ಬಾನು ಮುಷ್ತಾಕರ ಕಥೆಗಳಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್‌ ಬಂದಾಗ, ಮರುದಿನವೇ ನಾಲ್ಕು ಜನ ನನಗೆ ಫೋನು ಮಾಡಿ ‘ನಿಮಗೆ ಯಾವಾಗ?’ ಎಂದು ಕೇಳಿದರು. ನನಗೆ ಆ ಸುದ್ದಿಯಲ್ಲಿ ಹಿಡಿಸಿದ್ದು ಬೇರೆಯೇ ಸಂಗತಿ. ಆ ಪ್ರಶಸ್ತಿಯ 50,000 ಪೌಂಡುಗಳನ್ನು ಲೇಖಕಿಗೂ ಅನುವಾದಕಿಗೂ ಸಮನಾಗಿ ಹಂಚುತ್ತಾರೆ. ಅನುವಾದಕರ ಹೆಸರನ್ನು ಮುಖಪುಟದಲ್ಲಿ ಹಾಕಿಸಲು ಇಂದಿಗೂ ಜಗಳವಾಡಬೇಕಾದ ನಮ್ಮಂಥವರಿಗೆ ಆ ಅರ್ಧ ಪಾಲು ತುಂಬ ದೊಡ್ಡ ಮಾತು. ಬಾನು ಮುಷ್ತಾಕರೂ ವೃತ್ತಿಯಿಂದ ವಕೀಲರು ಎಂಬುದನ್ನು ಮೇಷ್ಟ್ರ ಪಟ್ಟಿಗೆ ಸೇರಿಸಿಕೊಳ್ಳಬಹುದು.

ನನ್ನ ದೊಡ್ಡ ತಪ್ಪನ್ನು ಹೇಳಿಬಿಡುತ್ತೇನೆ. ಐದನೆಯ ವರ್ಷದಲ್ಲಿ ಒಂದು ಸಂಸ್ಥೆಯವರು 60,000 ಪದಗಳ ಕೆಲಸವನ್ನು ಫೋನಿನಲ್ಲೇ ಒಪ್ಪಿಸಿದರು. ಪರಿಚಯಸ್ಥರ ಮೂಲಕ ಬಂದವರಾದ್ದರಿಂದ ಬರಹದಲ್ಲಿ ಕೇಳುವುದಕ್ಕೆ ಸಂಕೋಚವಾಯಿತು. ಆ ವರ್ಷದ ಮಳೆಗಾಲ ಪೂರ್ತಿ, ಕರೆಂಟು ಇದ್ದಾಗ ಕಂಪ್ಯೂಟರಿನಲ್ಲೂ ಇಲ್ಲದಾಗ ಕೈಬರಹದಲ್ಲೂ ಕೂತು ಮುಗಿಸಿಕೊಟ್ಟೆ. ಅವರ ಅಧಿಕಾರಿ ಬದಲಾದರು, ಹೊಸಬರು ‘ನಮ್ಮ ಕಡತದಲ್ಲಿ ನಿಮ್ಮ ಹೆಸರಿಲ್ಲ’ ಎಂದರು, ಆ ಹಣ ಇವತ್ತಿಗೂ ಬಂದಿಲ್ಲ. ಅಂದಿನಿಂದ ಎಷ್ಟು ಪದ, ಯಾವ ದರ, ಯಾವ ದಿನಾಂಕ, ಎಷ್ಟು ಸಲ ತಿದ್ದಿಕೊಡುವುದು ಎಂಬುದು ಇಮೇಲಿನಲ್ಲಿ ಬರದೆ, ಮೂರನೆಯ ಒಂದು ಭಾಗ ಮುಂಗಡ ಖಾತೆಗೆ ಬೀಳದೆ, ಮೊದಲ ವಾಕ್ಯವನ್ನೂ ಅನುವಾದಿಸುವುದಿಲ್ಲ. ಇದನ್ನು ಕೇಳಿದರೆ ಜನ ಬೇಸರಪಟ್ಟುಕೊಳ್ಳುತ್ತಾರೆಂದು ಹೆದರಿದ್ದೆ. ಕೊಡುವ ಮನಸ್ಸಿದ್ದವರು ಯಾರೂ ಬೇಸರಪಡಲಿಲ್ಲ.

ನಿನ್ನ ತಂದೆ ರೈಟರಾಗಿದ್ದರೆಂದು ಬರೆದೆಯಲ್ಲ, ಅವರಿಂದಲೇ ಕಲಿ. ಯಾವ ಕಥೆ ಯಾವ ಪತ್ರಿಕೆಗೆ ಯಾವ ತಾರೀಕು ಹೋಯಿತು, ಉತ್ತರ ಬಂತೇ, ಗೌರವಧನ ಬಂತೇ, ಯಾವ ಹಕ್ಕು ಕೊಟ್ಟಾಯಿತು, ಯಾವುದು ಉಳಿದಿದೆ, ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡು. ಒಂದೇ ಕಥೆಯನ್ನು ಎರಡು ಕಡೆ ಕಳಿಸಿ ಸಂಪಾದಕರ ವಿಶ್ವಾಸ ಕೆಡಿಸಿಕೊಂಡ ನನ್ನ ಗೆಳತಿಯೊಬ್ಬಳಿಗೆ ಇಂಥ ಪುಸ್ತಕವಿದ್ದಿದ್ದರೆ ಆ ಅವಮಾನ ತಪ್ಪುತ್ತಿತ್ತು. ಇನ್ನು ಕಾಲದ ಹಂಚಿಕೆ: ವಿಶೇಷಾಂಕಗಳ ಕಥೆಗೆ ಮಳೆಗಾಲದಲ್ಲೇ ಕೂರಬೇಕು, ಸೆಪ್ಟೆಂಬರಿನ ಕೈಲ್‌ಪೊಳ್ದ್‌ ಹಬ್ಬ ಮುಗಿದ ಮೇಲೆ ನೆನಪಾದರೆ ಆ ವರ್ಷದ ಬಾಗಿಲು ಮುಚ್ಚಿತೆಂದೇ ಲೆಕ್ಕ. ಸುಗ್ಗಿಯ ಹುತ್ತರಿ ಹಬ್ಬದಿಂದ ಕಾಫಿ ಕೊಯ್ಲು ಮುಗಿಯುವವರೆಗೆ ನಮ್ಮ ಮನೆಗಳಲ್ಲಿ ಕೂತು ಬರೆಯುವುದು ಆಗದ ಮಾತು. ಆ ತಿಂಗಳುಗಳಿಗೆ ಕರಡು ತಿದ್ದುವಂಥ ಬಿಡಿ ಕೆಲಸವನ್ನೇ ಇಟ್ಟುಕೊಳ್ಳುತ್ತೇನೆ.

ಭಾಗಮಂಡಲದಿಂದ ಒಬ್ಬ ಕವಿ

ಕನ್ನಡದಲ್ಲಿಯೇ ಇಷ್ಟು ಕಷ್ಟವಾದರೆ ನಮ್ಮಂಥವರ ಪಾಡನ್ನೂ ಕೇಳಿ. ನಾನು ಬರೆಯುವುದು ಕೊಡವ ಭಾಷೆಯಲ್ಲಿ, ಕನ್ನಡ ಲಿಪಿಯಲ್ಲಿ. 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು ಸುಮಾರು 4.37 ಕೋಟಿ, ಕೊಡವ ಭಾಷೆಯನ್ನು ಬರೆಸಿದವರು ಸುಮಾರು 1.14 ಲಕ್ಷ. ಅವರಲ್ಲಿ ಪುಸ್ತಕ ಕೊಳ್ಳುವವರನ್ನು ನಾನು ಹೆಸರು ಹಿಡಿದು ಕರೆಯಬಲ್ಲೆ. ಮಡಿಕೇರಿಯಲ್ಲಿ ಕೊಡವ ಸಾಹಿತ್ಯ ಅಕಾಡೆಮಿಯೂ ಅರೆಭಾಷೆ ಅಕಾಡೆಮಿಯೂ ಇರುವುದರಿಂದ ಪುಸ್ತಕ ಹೊರಬರಲು ಒಂದು ದಾರಿಯುಂಟು, ಆದರೆ ಅದು ಜೀವನೋಪಾಯವಲ್ಲ. ನನ್ನ ಕವಿತೆಗಳು ಮದುವೆ ಮನೆಗಳಲ್ಲಿ, ಯೂಟ್ಯೂಬಿನಲ್ಲಿ ಹಾಡಾಗಿ ಓಡಾಡುತ್ತಿವೆ. ಬರೆದವನ ಹೆಸರು ಹಾಕಿರೆಂದು ಕೇಳಿದರೆ ‘ಇದು ನಮ್ಮ ಜನಪದ ಅಲ್ಲವೇ’ ಎನ್ನುತ್ತಾರೆ. ಬದುಕಿರುವಾಗಲೇ ಜನಪದವಾಗುವ ಭಾಗ್ಯ ನನ್ನದು. ವಕೀಲರು ಇದಕ್ಕೇನಾದರೂ ಹೇಳಬಹುದೇ?

ಪೊನ್ನಂಪೇಟೆಯ ವಕೀಲ

ಹೇಳಬಹುದು. ಕಾಯಿದೆಯ 57ನೆಯ ಕಲಮಿನಂತೆ, ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕು ಲೇಖಕರಿಗೆ ಕೃತಿಸ್ವಾಮ್ಯವನ್ನು ಮಾರಿದ ಮೇಲೂ ಉಳಿಯುತ್ತದೆ. ನೀವು ಮಾರಿಯೇ ಇಲ್ಲವಾದ್ದರಿಂದ ಹೆಸರನ್ನೂ ಕೇಳಬಹುದು, ಹಣವನ್ನೂ ಕೇಳಬಹುದು. ಪ್ರಶ್ನೆ ಬರುವುದು ಪುರಾವೆಯದು. ಕವಿತೆ ಮೊದಲು ಅಚ್ಚಾದ ಪತ್ರಿಕೆಯ ಪ್ರತಿ ನಿಮ್ಮಲ್ಲಿರಲಿ; ಅಚ್ಚಾಗದವುಗಳನ್ನು ಬೇಕಿದ್ದರೆ 500 ರೂಪಾಯಿ ಶುಲ್ಕ ಕಟ್ಟಿ ಕೃತಿಸ್ವಾಮ್ಯ ಕಚೇರಿಯಲ್ಲಿ ನೋಂದಾಯಿಸಿಕೊಳ್ಳಬಹುದು.

ತೆರಿಗೆಯ ಬಗ್ಗೆ ಒಬ್ಬರು ಖಾಸಗಿಯಾಗಿ ಕೇಳಿದ್ದರಿಂದ ಇಲ್ಲಿಯೇ ಚುಟುಕಾಗಿ ಬರೆಯುತ್ತೇನೆ. ರಾಯಧನ ಕೊಡುವವರು ಮಿತಿ ಮೀರಿದ ಮೊತ್ತಕ್ಕೆ ನೂರಕ್ಕೆ 10ರಂತೆ ಮೂಲದಲ್ಲೇ ತೆರಿಗೆ ಹಿಡಿದುಕೊಳ್ಳುತ್ತಾರೆ. ನಿಮ್ಮ ಒಟ್ಟು ಆದಾಯ ತೆರಿಗೆಯ ಮಟ್ಟಕ್ಕೆ ಬಾರದಿದ್ದರೆ ರಿಟರ್ನ್‌ ಸಲ್ಲಿಸಿ ವಾಪಸು ಪಡೆಯಿರಿ, ಅನೇಕ ಲೇಖಕರು ಅದನ್ನು ಹಾಗೆಯೇ ಬಿಟ್ಟುಬಿಡುತ್ತಾರೆ. ಸಾಹಿತ್ಯ ಕೃತಿಗಳ ರಾಯಧನಕ್ಕೆ 1961ರ ಆದಾಯ ತೆರಿಗೆ ಕಾಯಿದೆಯ 80ಕ್ಯೂಕ್ಯೂಬಿ ಕಲಮು ವರ್ಷಕ್ಕೆ 3 ಲಕ್ಷ ರೂಪಾಯಿಯವರೆಗೆ ವಿನಾಯಿತಿ ಕೊಡುತ್ತಿತ್ತು, ಅದೂ ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ. 2026ರ ಏಪ್ರಿಲ್‌ 1ರಿಂದ ಜಾರಿಯಾಗುವುದು 2025ರ ಹೊಸ ಕಾಯಿದೆಯಾದ್ದರಿಂದ ಕಲಮುಗಳ ಸಂಖ್ಯೆ ಬದಲಾಗುತ್ತದೆ. ಲೆಕ್ಕಪರಿಶೋಧಕರನ್ನು ಒಮ್ಮೆ ಕಾಣಿರಿ.

ಮಡಿಕೇರಿಯ ನಿವೃತ್ತ ಮೇಷ್ಟ್ರು

ಹಿಂದೆ ಹೆಸರು ಹೇಳದ ಓದುಗರೊಬ್ಬರು ಮುನಿಸಿಕೊಂಡು ಹೋದರು. ಅವರ ಮಾತಿನಲ್ಲಿ ಒಂದು ಅಂಶವನ್ನು ನಾನು ಒಪ್ಪುತ್ತೇನೆ: ಪದಲೆಕ್ಕದ ಕೆಲಸ ಹೆಚ್ಚಾದರೆ ಕೈಗೆ ಒಂದು ಬಗೆಯ ಸಲೀಸು ಬಂದುಬಿಡುತ್ತದೆ, ಆ ಸಲೀಸು ಕಥೆಯೊಳಗೂ ನುಸುಳುತ್ತದೆ. ವಿರಾಜಪೇಟೆಯವರು ಇದನ್ನು ಹೇಗೆ ತಡೆಯುತ್ತಾರೆ?

ವಿರಾಜಪೇಟೆಯ ಅನುವಾದಕಿ

ಪೂರ್ತಿ ತಡೆಯಲಾಗಿಲ್ಲ ಸರ್‌. ಬೆಳಗಿನ ಐದೂವರೆಯಿಂದ ಎಂಟರವರೆಗೆ ನನ್ನ ಬರಹ, ಅನಂತರ ಇತರರದು ಎಂಬ ನಿಯಮವಿದೆ. ವರ್ಷಕ್ಕೆ ನೂರು ದಿನ ಪಾಲಿಸಿದರೆ ಹೆಚ್ಚು. ನನ್ನ ಮೂರನೆಯ ಪುಸ್ತಕದಲ್ಲಿ ನೀವು ಹೇಳಿದ ಸಲೀಸು ಇದೆ. ವಿಮರ್ಶಕರು ಗುರುತಿಸಲಿಲ್ಲ, ನನಗೆ ಗೊತ್ತು.

ಸುಂಟಿಕೊಪ್ಪದ ಕಥೆಗಾರ್ತಿ

ಆರು ವಾರಗಳ ನಂತರ ಬರೆಯುತ್ತಿದ್ದೇನೆ. ಕುಶಾಲನಗರದವರು ಹೇಳಿದಂತೆ ಪತ್ರ ಬರೆದೆ. ಮುದ್ರಿತ ಪುಸ್ತಕದ ಹಕ್ಕು ಮಾತ್ರ, ಐದು ವರ್ಷ, ನೂರಕ್ಕೆ 10 ರಾಯಧನ, 8,000 ರೂಪಾಯಿ ಮುಂಗಡ, ವರ್ಷಕ್ಕೊಮ್ಮೆ ಮಾರ್ಚ್‌ ಕೊನೆಗೆ ಮಾರಾಟದ ಲೆಕ್ಕ ಎಂದು ಕೇಳಿದ್ದೆ. ಹತ್ತು ದಿನ ಉತ್ತರವಿರಲಿಲ್ಲ. ಕೆಲಸ ಕೆಟ್ಟಿತೆಂದೇ ತಿಳಿದೆ. ಹನ್ನೊಂದನೆಯ ದಿನ ಅವರೇ ಫೋನು ಮಾಡಿ, ಮುಂಗಡವನ್ನು 5,000ಕ್ಕೆ ಇಳಿಸುವುದಾದರೆ ಉಳಿದದ್ದಕ್ಕೆ ಒಪ್ಪಿಗೆ ಎಂದರು. ಧ್ವನಿಪುಸ್ತಕದ ಹಕ್ಕನ್ನೂ ಸೇರಿಸಿರೆಂದು ಎರಡು ಬಾರಿ ಕೇಳಿದರು, ನಾನು ಎರಡು ಬಾರಿಯೂ ಇಲ್ಲವೆಂದೆ. ಮೂರು ಪುಟಗಳ ಹೊಸ ಕರಾರಿಗೆ ಸಹಿಯಾಯಿತು.

ಕಾಲೇಜು ಬಿಟ್ಟಿಲ್ಲ. ಸಂಬಳವಿಲ್ಲದ ತಿಂಗಳುಗಳಿಗೆ ವಿರಾಜಪೇಟೆಯ ಅಕ್ಕ ಒಂದು ಕರಡು ತಿದ್ದುವ ಕೆಲಸ ಕೊಡಿಸಿದ್ದಾರೆ. ಮೂರನೆಯ ಒಂದು ಭಾಗ ಮುಂಗಡ ಕೇಳುವಾಗ ನನ್ನ ಧ್ವನಿ ನಡುಗಿದ್ದು ಅವರಿಗೆ ಕೇಳಿಸಿರಬಹುದು, ಆದರೂ ಹಣ ಬಂತು.

ಲೆಕ್ಕದ ಪುಸ್ತಕದ ವಿಷಯ ಮನೆಯಲ್ಲಿ ಹೇಳಿದ್ದೇ ತಡ, ನನ್ನ ತಂದೆ ತಮ್ಮ ಹಳೆಯ ಉದ್ದನೆಯ ರಿಜಿಸ್ಟರಿನಲ್ಲಿ ಉಳಿದಿದ್ದ ಹಾಳೆಗಳಿಗೆ ಸ್ಕೇಲು ಹಿಡಿದು ಗೆರೆ ಹಾಕಿ ಕೊಟ್ಟರು. ತಾರೀಕು, ಕಥೆಯ ಹೆಸರು, ಎಲ್ಲಿಗೆ, ಕೊಟ್ಟ ಹಕ್ಕು, ಬಂದದ್ದು, ಬಾಕಿ ಎಂದು ಆರು ಕಾಲಂಗಳು. ಬಾಕಿಯ ಕಾಲಮನ್ನು ಮಾತ್ರ ಉಳಿದೈದಕ್ಕಿಂತ ಅಗಲವಾಗಿ ಎಳೆದಿದ್ದಾರೆ.